ಮಕ್ಸೂದ್ ಮಾಸ್ತರರ ಕೋಲಾಟ

ಕಮಲಾಪುರದ ಹೈಸ್ಕೂಲಿಗೆ ಡ್ರಿಲ್ ಕಲಿಸಲು ಬಂದ ದಿನ ಮಕ್ಸೂದ್ ಮಾಸ್ತರರ ಕೊರಳಲ್ಲಿ ಸೀಟಿ ಇರಲಿಲ್ಲ, ಮೈಮೇಲೆ ಖಾಕಿಯೂ ಇರಲಿಲ್ಲ. ಬಿಳಿ ಪಾಯಿಜಾಮ, ಮೊಣಕಾಲಿನತನಕ ಇಳಿದ ಹಳೆಯ ಶೇರವಾನಿ, ತಲೆಗೊಂದು ಕರಿ ಟೋಪಿ. ಡ್ರಿಲ್ ಮಾಸ್ತರ ಎಂದರೆ ಹುರಿಮೀಸೆ, ಗಟ್ಟಿ ಗಂಟಲು ಎಂದುಕೊಂಡಿದ್ದ ಹುಡುಗರಿಗೆ ನಿರಾಸೆಯಾಯಿತು. ಹಿಂದಿನ ಸಾಲಿನಲ್ಲಿ ಒಬ್ಬ, "ಇವ್ರು ಡ್ರಿಲ್ ಮಾಸ್ತರಾ, ಇಲ್ಲಾ ನಿಕಾ ಓದೋ ಖಾಜಿಯಾ?" ಎಂದ. ಮಾಸ್ತರರಿಗೆ ಅದು ಕೇಳಿಸಿತು. ಕೇಳಿಸದವರಂತೆ ಅಂಗಳದ ಕಲ್ಲು ಆರಿಸಿ ಬದಿಗೆ ಎಸೆಯತೊಡಗಿದರು.

ಅದು ೧೯೫೧ರ ಮಳೆಗಾಲದ ಮೊದಲು. ಆಗ ಅವರಿಗೆ ಮೂವತ್ತೈದು ವರ್ಷ.

ಮಕ್ಸೂದರು ಹುಟ್ಟಿ ಬೆಳೆದದ್ದು ಕಲಬುರಗಿಯಲ್ಲಿ. ತಂದೆ ನಿಜಾಮರ ಅತಿಥಿಗೃಹವಾದ ಐವಾನ್-ಎ-ಶಾಹಿಯ ತೋಟದಲ್ಲಿ ಮಾಲಿ. ಸಾಹೇಬರು ಬಂದಾಗಲೆಲ್ಲ ಅಲ್ಲಿ ಕಾವಲುಗಾರರ ಕವಾಯತು ನಡೆಯುತ್ತಿತ್ತು. ಗುಲಾಬಿ ಪಾತಿಯ ಹಿಂದೆ ನಿಂತು ಅದನ್ನು ನೋಡುತ್ತ, ನೋಡಿದ್ದನ್ನು ತನ್ನ ಬರಿಗಾಲಲ್ಲಿ ಮಾಡುತ್ತ ಬೆಳೆದ ಹುಡುಗ ಮುಂದೆ ಡ್ರಿಲ್ ಮಾಸ್ತರನಾದದ್ದು ಆಶ್ಚರ್ಯವಲ್ಲ. ಹೈದರಾಬಾದಿಗೆ ಹೋಗಿ ತರಬೇತಿ ಪಡೆದು ಬಂದ. ಬಳೆಗಾರರ ಮನೆತನದ ಜುಬೇದಾಳನ್ನು ಮದುವೆಯಾದ. ಬೆಳಿಗ್ಗೆ ಅವಳೇ ಇಸ್ತ್ರಿ ಮಾಡಿಕೊಟ್ಟ ಖಾಕಿ ತೊಟ್ಟು, ಸೀಟಿ ಊದುತ್ತ, ಇನ್ನೂರು ಹುಡುಗರನ್ನು ಒಂದೇ ಮೈಯಾಗಿ ನಡೆಸುತ್ತಿದ್ದ. ಮಕ್ಕಳಾಗಿರಲಿಲ್ಲ. ಇನ್ನೂರು ಮಂದಿ ಇದ್ದಾರಲ್ಲ ಎಂದು ನಗುತ್ತಿದ್ದ.

ಆಮೇಲೆ ೧೯೪೮ ಬಂತು. ಆ ವರ್ಷ ಖಾಕಿ ತೊಟ್ಟು ಲಾಠಿ ಹಿಡಿದು ಸಾಲಾಗಿ ನಡೆದವರು, ನಿಜಾಮರ ಪರ ನಿಂತು ಊರೂರು ಲೂಟಿ ಮಾಡಿದ ರಜಾಕಾರರು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ, ಯಾರು ಯಾರಿಗೆ ಕವಾಯತು ಕಲಿಸಿದ್ದರು ಎಂಬ ವಿಚಾರಣೆ ಶುರುವಾಯಿತು. ಒಂದು ಮಧ್ಯಾಹ್ನ ಆರು ಜನ ಪೊಲೀಸರು ಓಣಿಯ ಹಾಸುಗಲ್ಲಿನ ಮೇಲೆ ಒಂದೇ ಹೆಜ್ಜೆಯಲ್ಲಿ ಬಂದರು. ಜುಬೇದಾ ಅಕ್ಕಿ ಆರಿಸುತ್ತಿದ್ದಳು. ಮಕ್ಸೂದರನ್ನು ಕರೆದುಕೊಂಡು ಹೋದರು. ನಲವತ್ತು ದಿನ ಇಟ್ಟುಕೊಂಡು ಕೇಳಿದರು. ಶಾಲೆಯ ಹುಡುಗರಿಗೆ ಬಿಟ್ಟು ಬೇರೆ ಯಾರಿಗೂ ಅವರು ಏನನ್ನೂ ಕಲಿಸಿರಲಿಲ್ಲ ಎಂದು ಗೊತ್ತಾದ ಮೇಲೆ ಬಿಟ್ಟರು.

ತಿರುಗಿ ಬಂದಾಗ ಮನೆಯಲ್ಲಿ ಖಾಕಿಯ ಒಂದು ಎಳೆಯೂ ಇರಲಿಲ್ಲ. ಜುಬೇದಾ ಎಲ್ಲವನ್ನೂ ಒಲೆಗೆ ಹಾಕಿದ್ದಳು. ಸೀಟಿಯನ್ನು ಬಾವಿಗೆ ಎಸೆದಿದ್ದಳು. ಅವಳೂ ಮೊದಲಿನ ಜುಬೇದಾ ಆಗಿ ಉಳಿದಿರಲಿಲ್ಲ. ಓಣಿಯಲ್ಲಿ ನಾಲ್ಕು ಕಾಲು ಕೂಡಿ ನಡೆದ ಸಪ್ಪಳವಾದರೆ ಎದ್ದು ಹೋಗಿ ಚಿಲಕದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದಳು. ಸಪ್ಪಳ ದಾಟಿ ಹೋದ ಮೇಲೂ ಎಷ್ಟೋ ಹೊತ್ತು ಆ ಕೈ ಅಲ್ಲೇ ಇರುತ್ತಿತ್ತು. ಅಣ್ಣನ ಮನೆಗೆ ಹೋಗಿ ಸೇರಿಕೊಂಡಳು. ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಮಾಸ್ತರರಿಗೆ ನೌಕರಿ ಮತ್ತೆ ಸಿಕ್ಕಿ, ಎರಡು ವರ್ಷದ ಮೇಲೆ ಕಮಲಾಪುರಕ್ಕೆ ವರ್ಗವಾದಾಗ, "ನಕ್ಕೋ, ಮೈ ಕಾಂ ಭೀ ನೈ ಆತೀ" ಎಂದಳು. ಎಲ್ಲಿಗೂ ಬರುವುದಿಲ್ಲ ಎಂದರೆ ಎಲ್ಲಿಗೂ ಇಲ್ಲ. ಅವರು ಒಬ್ಬರೇ ಟ್ರಂಕು ಹಿಡಿದು ಮೋಟಾರು ಹತ್ತಿದರು. ಶನಿವಾರಕ್ಕೊಮ್ಮೆ ಹೋಗಿ ಅವಳನ್ನು ನೋಡಿ ಬರುತ್ತಿದ್ದರು.

ಕಮಲಾಪುರದಲ್ಲಿ ಅವರಿಗೆ ಸಿಕ್ಕ ಮೊದಲ ಗೆಳೆಯ ಎಂದರೆ ಕನ್ನಡ ಪಂಡಿತರಾದ ಜಯತೀರ್ಥಾಚಾರ್ಯರು. ಐವತ್ತು ದಾಟಿದ ವೈಷ್ಣವ ಮನೆತನದ ಮನುಷ್ಯ. ಮನೆಯಲ್ಲಿ ಮರಾಠಿ, ಪಾಠದಲ್ಲಿ ಹಳಗನ್ನಡ, ಸಿಟ್ಟು ಬಂದಾಗ ಎರಡೂ. ಸರಕಾರದಿಂದ ಆಗ ಹೊಸ ಹುಕುಂ ಬಂದಿತ್ತು. ಉರ್ದು ಹೋಗಿ ಕನ್ನಡ ಬಂದಿದೆ, ಶಿಕ್ಷಕರೆಲ್ಲ ಕನ್ನಡ ಪರೀಕ್ಷೆ ಪಾಸಾಗಬೇಕು. ಮಕ್ಸೂದರಿಗೆ ಕನ್ನಡ ಮಾತು ಹುಟ್ಟಿನಿಂದ ಬಂದದ್ದು, ಅಕ್ಷರ ಮಾತ್ರ ಒಂದೂ ಗೊತ್ತಿಲ್ಲ. ಜಯತೀರ್ಥಾಚಾರ್ಯರಿಗೆ ಅಕ್ಷರವೆಲ್ಲ ಗೊತ್ತು, ಮೊಣಕಾಲು ಮಾತ್ರ ಹಿಡಿದುಕೊಂಡು ಕೂತರೆ ಏಳಲು ಬಾರದು. ಹೀಗಾಗಿ ಸಂಜೆ ಶಾಲೆಯ ಕಟ್ಟೆಯ ಮೇಲೆ ಒಬ್ಬರು ಇನ್ನೊಬ್ಬರಿಗೆ ಅಆಇಈ ತಿದ್ದಿಸುವುದು, ಇನ್ನೊಬ್ಬರು ಇವರ ಕಾಲನ್ನು ಮಡಚಿ ಬಿಡಿಸುವುದು ನಡೆಯಿತು. ಆಚಾರ್ಯರು ಮಕ್ಸೂದರ ಕೋಣೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಮಕ್ಸೂದರು ಕೊಡಲು ಹೋಗುತ್ತಿರಲಿಲ್ಲ. ಅಷ್ಟು ಬಿಟ್ಟರೆ ಇಬ್ಬರ ನಡುವೆ ಮುಚ್ಚುಮರೆ ಏನೂ ಉಳಿಯಲಿಲ್ಲ.

ಭಾದ್ರಪದ ಮುಗಿಯಲು ಹದಿನೈದು ದಿನ ಇರುವಾಗ ಹೆಡ್ ಮಾಸ್ತರ್ ಸೂರ್ಯಕಾಂತಪ್ಪ ಇಬ್ಬರನ್ನೂ ಕರೆಸಿದರು.

"ಮದ್ಲ ಈ ಊರಾಗ ಊರವ್ರು ನಡಸ್ತಿದ್ದ ಗಾಂವಠಿ ಶಾಲಿ ಅಯ್ಯನೋರು ಮಹಾನವಮಿಗೆ ಹುಡುಗೂರನ್ನ ಕರಕೊಂಡು ಮನಿಮನಿಗೆ ಹೋಗ್ತಿದ್ರು. ಕೋಲು ಹಾಕೋದು, ಪದ ಹೇಳೋದು. ಮನ್ಯಾಗಿನವ್ರು ಜ್ವಾಳ ನೀಡ್ತಿದ್ರು. ರಜಾಕಾರರ ಗಡಿಬಿಡಿ ವರ್ಷ ನಿಂತದ್ದು ಮುಂದ ನಡೀಲೇ ಇಲ್ಲ. ಅಯ್ಯನೋರೂ ಹೋಗಿಬಿಟ್ರು. ಈಗ ನಮ್ಮ ಹೈಸ್ಕೂಲು ಅದನ್ನ ನಡಸ್ಬೇಕು. ಬಂದ ಜ್ವಾಳದಾಗ ಶೀಗಿ ಹುಣ್ಣಿವಿಗೆ ಶಾಲಿ ಅಂಗಳದಾಗ ಎಲ್ಲಾರಿಗೂ ಊಟ. ಆಚಾರ್ರು ಪದ ಹೇಳ್ಕೊಡ್ಲಿ, ಮಕ್ಸೂದ್ ಸಾಬ್ರು ಹೆಜ್ಜಿ ಕಲಿಸ್ಲಿ."

ಮಕ್ಸೂದರ ಮುಖ ಇಳಿಯಿತು. "ಸಾಬ್, ನನ್ನ ಬಿಟ್ಟು ಬಿಡ್ರಿ. ನಾನು ಮುಂದ, ನನ್ನ ಹಿಂದ ಕೋಲು ಹಿಡದ ಹುಡುಗೂರು. ಮಂದಿ ಏನಂದಾರು?"

"ಆಟದ ಕೋಲು ಅವು, ಮಾಸ್ತರ. ಮೊಳ ಉದ್ದ ಇಲ್ಲ."

"ನಾ ಹಿಡದ್ರ ಉದ್ದ ಕಾಣ್ತಾವ್ರಿ."

ಸೂರ್ಯಕಾಂತಪ್ಪ, "ನೀವೂ ಈ ಊರಾಗ ಇರಾಂವ್ರು. ಎಷ್ಟ್ ದಿನ ಕಲ್ಲು ಆರಿಸ್ಕೋತ ಕೂಡ್ತೀರಿ?" ಎಂದರು.

ಅಭ್ಯಾಸ ಶುರುವಾಯಿತು. ಮೊದಮೊದಲು ಅಂಜುತ್ತಲೇ ಕಲಿಸಿದ ಮಕ್ಸೂದರಿಗೆ ನಾಲ್ಕು ದಿನದಲ್ಲಿ ಹಳೆಯ ಹುರುಪು ಬಂತು. ಅವರಿಗೆ ಗೊತ್ತಿದ್ದ ದಾರಿ ಒಂದೇ, ಎಣಿಕೆ. ಏಕ್ ಎಂದರೆ ಕೋಲು ಮೇಲೆ, ದೋ ಎಂದರೆ ಜೋಡಿಯವನ ಕೋಲಿಗೆ, ತೀನ್ ಎಂದರೆ ತಿರುಗಬೇಕು, ಚಾರ್ ಎಂದರೆ ಬಲಗಾಲು ನೆಲಕ್ಕೆ ಅಪ್ಪಳಿಸಬೇಕು. ನಲವತ್ತು ಹುಡುಗರ ಇಪ್ಪತ್ತು ಜೋಡಿ ಒಂದೇ ಯಂತ್ರದಂತೆ ತಿರುಗತೊಡಗಿತು. ಜಯತೀರ್ಥಾಚಾರ್ಯರ ಹಳೆಯ ಪದ ಮಾತ್ರ ಈ ಓಟಕ್ಕೆ ಸಿಗದೆ ಏದುಸಿರು ಬಿಡುತ್ತಿತ್ತು. "ಮಾಸ್ತರ, ಇದು ಮಹಾನವಮಿಯೋ, ದಂಡಯಾತ್ರೆಯೋ?" ಎಂದು ಅವರು ಗೊಣಗಿದರೆ ಮಕ್ಸೂದರು ನಕ್ಕುಬಿಡುತ್ತಿದ್ದರು. ಮೂರು ವರ್ಷದ ಮೇಲೆ ಅವರಿಗೆ ತಮ್ಮ ಕೈಯಲ್ಲಿ ಏನೋ ಇದೆ ಎನಿಸಿತ್ತು.

ನವರಾತ್ರಿಯ ಮೊದಲೆರಡು ದಿನ ಊರೊಳಗಿನ ಓಣಿಗಳು ಮುಗಿದವು. ಹುಡುಗರ ತಲೆಗೆ ಬಣ್ಣದ ರುಮಾಲು, ಕೋಲಿಗೆ ಗೆಜ್ಜೆ. ಬಾಗಿಲುಗಳು ತೆರೆದವು, ಜೋಳ ಬಿತ್ತು, ಮುದುಕಿಯರು ಕಣ್ಣೊರೆಸಿಕೊಂಡು "ಮತ್ತ ಬಂದ್ರಲ್ಲೋ ನಮ್ಮಪ್ಪಗೋಳಿರಾ" ಎಂದರು. ಕೆಲವರು ಮಕ್ಸೂದರ ಟೋಪಿಯನ್ನು ಮತ್ತೊಮ್ಮೆ ನೋಡಿದರು. ಆದರೆ ಬಾಗಿಲು ಯಾರೂ ಹಾಕಲಿಲ್ಲ.

ಮೂರನೆಯ ದಿನ ಮಕ್ಸೂದರು ಹಾಜರಿ ಪುಸ್ತಕ ತೆಗೆದು ನೋಡಿದರು. ನಲವತ್ತು ಹೆಸರಿನಲ್ಲಿ ಮೂವತ್ತೈದು ಮನೆ ಮುಗಿದಿದ್ದವು. ಉಳಿದ ಐದೂ ಊರ ಹೊರಗಿನ ಕೇರಿಯವು. ಹಳೆಯ ಅಯ್ಯನವರ ಮೇಳ ಅಲ್ಲಿಗೆ ಎಂದೂ ಹೋಗಿರಲಿಲ್ಲ. ಆ ಮಾತು ಹೊರಗಿನವರಾದ ಮಕ್ಸೂದರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲಿಲ್ಲ.

"ಪುಸ್ತಕದಾಗ ಹೆಸರಿದ್ದ ಮ್ಯಾಲ ಮನಿಗೆ ಹೋಗಾಕಽ ಬೇಕಲ್ರಿ" ಎಂದರು ಅವರು.

ಜಯತೀರ್ಥಾಚಾರ್ಯರು ಶಲ್ಯ ಸರಿಮಾಡಿಕೊಂಡರು, ಕೆಮ್ಮಿದರು. "ನಡೀರಿ. ಬೇವಿನ ಗಿಡದ ಮಟ ನಾ ಬರ್ತೀನಿ. ಪದ ಅಲ್ಲಿಂದಽ ಕೇಳಿಸ್ತದ, ನನ್ನ ಗಂಟಲು ಗಟ್ಟಿ ಅದ." ಹೇಳಿದ ಮೇಲೆ ಅವರಿಗೇ ಸಂಕೋಚವಾಗಿ ಬೇರೆ ಕಡೆ ನೋಡಿದರು.

ಕೇರಿಯ ಮೊದಲ ಮನೆ ಎಂಟನೆಯ ಇಯತ್ತೆಯ ಯಂಕಪ್ಪನದು. ಅವನಿಗೆ ಬೆಳಗಿನಿಂದ ಕಾಲು ನೆಲಕ್ಕೆ ತಾಗಿರಲಿಲ್ಲ. ಶಾಲೆಯೇ ತನ್ನ ಮನೆಗೆ ಬರುತ್ತಿದೆ! ಮಕ್ಸೂದರು ಮುಂದೆ ನಿಂತು "ಏಕ್, ದೋ" ಎಂದರು. ನಲವತ್ತು ಜೊತೆ ಕಾಲು ಒಮ್ಮೆಲೇ ನೆಲಕ್ಕೆ ಅಪ್ಪಳಿಸಿದವು. ಧೂಳು ಎದ್ದಿತು. ಒಳಗಿನಿಂದ ಯಂಕಪ್ಪನ ಅಜ್ಜಿ ಮಾನಮ್ಮ ಓಡಿ ಬಂದಳು. ಅವಳ ಕೈಯಲ್ಲಿ ಮೊರ ಇತ್ತು. ನೀಡಲು ತಂದ ಜೋಳವೆಲ್ಲ ಅಂಗಳದಲ್ಲಿ ಚೆಲ್ಲಿತು. ಅವಳು ಸಾಲಿನೊಳಗೆ ನುಗ್ಗಿ ಮೊಮ್ಮಗನ ರಟ್ಟೆ ಹಿಡಿದಳು.

"ಬಿಡ್ರೋ ಇವನ್ನ! ಒಬ್ಬನ್ನ ಒಯ್ದದ್ದು ಸಾಕು, ಬಿಡ್ರೋ!"

ಯಂಕಪ್ಪ "ಆಯಿ, ನಾವು, ನಾವು" ಎಂದು ಏನು ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ. ಅವನನ್ನು ಒಳಗೆಳೆದು ಬಾಗಿಲು ಹಾಕಿದಳು. ಚಿಲಕ ಬಿದ್ದ ಸಪ್ಪಳ ಮಕ್ಸೂದರಿಗೆ ಕೇಳಿಸಿತು. ಆ ಚಿಲಕದ ಮೇಲೆ ಒಳಗಿನಿಂದ ಒಂದು ಕೈ ಇರುವುದು ಅವರಿಗೆ ಕಂಡಂತೆಯೇ ಇತ್ತು. ಹುಡುಗರಿಗೆ ಹೇಳಿ ಜೋಳ ಆಯಿಸಿ, ಹೊಸ್ತಿಲ ಬದಿಗೆ ಕೂಡಿಟ್ಟು, ಸದ್ದಿಲ್ಲದೆ ಎಲ್ಲರನ್ನೂ ಕರೆದುಕೊಂಡು ಹೋದರು.

ಮರುದಿನ ಶಾಲೆ ಬಿಟ್ಟ ಮೇಲೆ ಅವರು ಒಬ್ಬರೇ ಕೇರಿಗೆ ಬಂದರು. ದೂರದಲ್ಲೇ ಕಾಲಿನ ಜೋಡು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ಮಾನಮ್ಮ ಗೋಡೆಗೆ ಕುಳ್ಳು ತಟ್ಟುತ್ತಿದ್ದಳು. ಸೊಸೆ ಗುಂಡಮ್ಮ ಬಾನಿಯಲ್ಲಿ ಸಗಣಿ ಕಲಸಿ ಕೊಡುತ್ತಿದ್ದಳು.

"ಅವ್ವಾ, ಮಾಫ್ ಮಾಡವ್ವ. ನಿನ್ನೆ ಬಂದ ಮಾಸ್ತರ ನಾನಽ."

ಮಾನಮ್ಮ ಕೈ ತೊಳೆದುಕೊಂಡು ಬಂದು ಅವರನ್ನು ಮೇಲಿಂದ ಕೆಳತನಕ ನೋಡಿದಳು. "ಕೂಡು" ಎಂದು ಕಟ್ಟೆ ತೋರಿಸಿದಳು. "ಕೋಲು ಹಾಕಾವ್ರು ಅಂತ ನನಗ ತಿಳೀಲಿಲ್ಲ ಅನ್ಕೋಬ್ಯಾಡ. ನಾನೂ ಹುಟ್ಟಿದೂರಾಗ ಕೋಲು ಹಾಕಿದಾಕಿ. ಕಣ್ಣಿಗೆ ತಿಳೀತು. ಕಿವಿಗೆ ತಿಳೀಲಿಲ್ಲ."

ಮಕ್ಸೂದರು ಜೋಡು ಕೆಳಗಿಟ್ಟು ಕಟ್ಟೆಯ ತುದಿಗೆ ಕೂತರು.

"ಮೂರು ವರ್ಷದ ಹಿಂದ, ಶ್ರಾವಣದಾಗ, ರಜಾಕಾರರು ಹಿಂಗಽ ಬಂದಿದ್ರು. ಎಲ್ಲಾರ ಕಾಲೂ ಒಂದಽ ಕಾಲು. ನನ್ನ ಮಗ ಮರೆಪ್ಪ ಉಣ್ಣಾಕ ಕೂತಿದ್ದ. ಮೂಟಿ ಹೊರಾಕ ಬಾ ಅಂದ್ರು. ಕೈ ತೊಳ್ಕೊಂಡು ಬರ್ತೀನಿ ಅಂದ. ತೊಳ್ಕೊಳ್ಳಾಕ ಬಿಡಲಿಲ್ಲ." ಮಾನಮ್ಮ ತನ್ನ ಕೈ ನೋಡಿಕೊಂಡಳು. "ಸತ್ತಾನ ಅಂತ ಯಾರೂ ಹೇಳಿಲ್ಲ. ಇದ್ದಾನ ಅಂತನೂ ಯಾರೂ ಹೇಳಿಲ್ಲ. ನೋಡು ಇಕಿ ಕೈ."

ಗುಂಡಮ್ಮ ತಟ್ಟನೆ ಸೆರಗಿನೊಳಗೆ ಕೈ ಎಳೆದುಕೊಂಡಳು. ಆದರೂ ಮಕ್ಸೂದರಿಗೆ ಕಂಡಿತು. ಒಂದು ಕೈಯಲ್ಲಿ ಎರಡು ಬಳೆ, ಇನ್ನೊಂದರಲ್ಲಿ ಒಂದೇ. ಒಡೆದುಕೊಳ್ಳಲೂ ಮನಸ್ಸಿಲ್ಲದೆ, ಹೊಸದು ಇಟ್ಟುಕೊಳ್ಳಲೂ ಧೈರ್ಯವಿಲ್ಲದೆ ಮೂರು ವರ್ಷ ಉಳಿದ ಮೂರು ಬಳೆ.

"ನನ್ನ ಬೀಬಿಗೂ ಅದಽ ಸಪ್ಪಳ, ಅವ್ವಾ" ಎಂದರು ಮಕ್ಸೂದರು. ಅದುವರೆಗೆ ಆ ಊರಿನಲ್ಲಿ ಆಚಾರ್ಯರಿಗೆ ಬಿಟ್ಟು ಯಾರಿಗೂ ಹೇಳದ ಮಾತು.

"ಆಕಿ ಮನಿಗೆ ಯಾರು ಬಂದಿದ್ರು?"

"ಪೊಲೀಸ್ರು. ನನ್ನ ಒಯ್ಯಾಕ."

"ಏನ್ ಮಾಡಿದ್ದಿ?"

"ಸಾಲಿ ಹುಡುಗೂರಿಗೆ ಡ್ರಿಲ್ ಕಲಿಸಿದ್ದೆ."

"ಬರೇ ಅಷ್ಟಽ?"

"ಖುದಾನ ಆಣಿ. ಅಷ್ಟಽ."

ಮಾನಮ್ಮ ಬಹಳ ಹೊತ್ತು ಅವರ ಮುಖ ನೋಡಿದಳು. ಅವಳ ಮಗನನ್ನು ಒಯ್ದವರಲ್ಲಿ ಇವರ ಟೋಪಿಯಂಥ ಟೋಪಿ ತೊಟ್ಟವರು ಇದ್ದರು. ಅದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಅವಳು, "ನೀನರ ತಿರುಗಿ ಬಂದಿ. ಆಕಿ ಪುಣ್ಯೇವಂತಿ" ಎಂದಳು. ಆಮೇಲೆ ಎದ್ದು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿದಳು. "ಏಳು, ನಿಂದ್ರು. ನಿನ್ನ ಹುಡುಗೂರು ಹಾಕೋದು ಕೋಲಾಟ ಅಲ್ಲ. ಕೋಲಾಟಕ್ಕ ಹೆಜ್ಜಿ ಎಣಿಸಬಾರದು. ಪದ ಕೇಳ್ಕೋತ ಇಡಬೇಕು. ಮೊಣಕಾಲು ಒಂದೀಟು ಬಗ್ಗಿಸು. ಹಿಮ್ಮಡ ಮದ್ಲ ಅಲ್ಲ, ಬೆರಳು ಮದ್ಲ. ನೆಲಕ್ಕ ನೋವಾಗಬಾರದು. ಹಾಂ, ಈಗ ಬಗ್ಗು. ಬೆನ್ನು ಯಾಕ ಹಂಗ ಸೆಟಿಸಿ? ಬಂದೂಕು ನುಂಗೀಯೇನು?"

ಗುಂಡಮ್ಮ ಬಾಯಿಗೆ ಸೆರಗು ಹಿಡಿದಳು. ಶೇರವಾನಿಯ ತುದಿ ಎತ್ತಿ ಹಿಡಿದು, ಬರಿಗಾಲಲ್ಲಿ, ಬೆರಳು ಮೊದಲು ಊರುತ್ತ ಮಕ್ಸೂದರು ಆ ಅಂಗಳದಲ್ಲಿ ಸುತ್ತು ಹಾಕಿದರು. ನಾಲ್ಕು ಸುತ್ತಿಗೆ ಬೆನ್ನು ಸಡಿಲಾಯಿತು. ಐದನೆಯದಕ್ಕೆ ಮಾನಮ್ಮ ಯಾವುದೋ ಪದದ ಒಂದು ಎಳೆಯನ್ನು ಮೂಗಿನಲ್ಲೇ ಗುನುಗಿದಳು.

ಮರುದಿನ ಶಾಲೆಯ ಅಂಗಳದಲ್ಲಿ ಹುಡುಗರಿಗೆ ಎಲ್ಲವನ್ನೂ ಬಿಡಿಸಿ ಹೊಸದಾಗಿ ಕಲಿಸುವುದು ಶುರುವಾಯಿತು. ಜೋಡು ಕಳಚಿರಿ, ಎಣಿಕೆ ಬಿಡಿರಿ, ಆಚಾರ್ಯರ ಗಂಟಲು ಕೇಳಿರಿ. ಮಾಡಿದ್ದು ಕೆಟ್ಟಿತು, ಜೋಡಿಗಳು ಒಂದರ ಮೇಲೊಂದು ಬಿದ್ದವು, ಒಬ್ಬನ ಬೆರಳಿಗೆ ಪೆಟ್ಟಾಯಿತು. ನಾಲ್ಕು ದಿನದ ಮೇಲೆ ಪದ ಮುಂದಾಗಿ ಕಾಲು ಅದರ ಹಿಂದೆ ನಡೆಯಿತು. ಜಯತೀರ್ಥಾಚಾರ್ಯರು ಯಾರಿಗೂ ಹೇಳದೆ ಎರಡು ಸಾಲು ಹೊಸದಾಗಿ ಕಟ್ಟಿದ್ದರು.

"ಅಂಜಬ್ಯಾಡ ತಾಯಿ ಅಗಳಿ ತಗೀಯ
ಕೂಸಿನ ಹೆಜ್ಜೀಲೆ ಬಂದೀವ"

ನವಮಿಯ ದಿನ ಇಳಿಹೊತ್ತಿಗೆ ಅವರು ಮತ್ತೆ ಕೇರಿಗೆ ಹೋದರು. ಬೇವಿನ ಗಿಡದ ಹತ್ತಿರ ಆಚಾರ್ಯರು ನಿಂತರು. ನಿಂತು, ಹುಡುಗರು ಮುಂದೆ ಹೋದದ್ದನ್ನು ನೋಡಿ, ಇನ್ನೊಂದು ಹತ್ತು ಹೆಜ್ಜೆ ಬಂದರು. ಅಲ್ಲಿ ನೆರಳೂ ಇರಲಿಲ್ಲ, ಕೂಡಲು ಕಲ್ಲೂ ಇರಲಿಲ್ಲ. ಅಲ್ಲೇ ನಿಂತು ಪದ ಎತ್ತಿದರು. ಗೆಜ್ಜೆಯ ಸಪ್ಪಳ ಬಂತು, ಕಾಲಿನದು ಬರಲಿಲ್ಲ. ಮಾನಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿತ್ತು. ಪದ ಮುಗಿಯುವತನಕ ಹಿಡಿದೇ ಇತ್ತು. ಆದರೆ ಅವಳು ಒಳಗೆ ಹೋಗಲಿಲ್ಲ. ಯಂಕಪ್ಪ ಜೋಡಿಯವನೊಂದಿಗೆ ತಿರುಗಿ ತಿರುಗಿ ಅವಳ ಮುಂದೆ ಬಂದಾಗ ಅವಳು ಮೊರದ ತುಂಬ ಜೋಳ ಎತ್ತಿ ಸುರಿದಳು. ಮರುದಿನ ಬನ್ನಿ ಹಂಚುವ ಹೊತ್ತಿಗೆ ಅವಳೇ ಶಾಲೆಯ ಗೇಟಿನತನಕ ಬಂದು ಮಕ್ಸೂದರ ಕೈಯಲ್ಲಿ ನಾಲ್ಕು ಎಲೆ ಇಟ್ಟು, "ಬಂಗಾರದಂಗ ಇರಪ್ಪ. ಹುಣ್ಣಿವಿಗೆ ನಿನ್ನ ಹೇಣ್ತಿನ್ನ ಕರಕೊಂಡು ಬಾ. ನಾ ಕರದೀನಿ ಅಂತ ಹೇಳು" ಎಂದಳು.

ಶನಿವಾರ ಮಕ್ಸೂದರು ಕಲಬುರಗಿಗೆ ಹೋದರು. ಜುಬೇದಾ ಎಂದಿನಂತೆ ಕಿಟಕಿ ಇಲ್ಲದ ಕೋಣೆಯಲ್ಲಿ ಕೂತಿದ್ದಳು. ಅವರು ಎಲ್ಲವನ್ನೂ ಹೇಳಿದರು. ಬಂದೂಕು ನುಂಗೀಯೇನು ಎಂದದ್ದನ್ನೂ ಹೇಳಿ, ಎದ್ದು ನಿಂತು ಆ ಹೆಜ್ಜೆ ಹಾಕಿ ತೋರಿಸಿದರು. ಮೂರು ವರ್ಷದಿಂದ ನಗದಿದ್ದ ಜುಬೇದಾಳ ತುಟಿ ಒಂದಿಷ್ಟು ಅಲುಗಿತು. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಆ ಸೊಸಿ ಕೈ ಎಷ್ಟ್ ದೊಡ್ಡದು?"

ಮಕ್ಸೂದರಿಗೆ ಅರ್ಥವಾಗಲಿಲ್ಲ. ಅವಳು ತನ್ನ ಕೈ ಮುಂದೆ ಹಿಡಿದು, "ಇದಕಿಂತ ದೊಡ್ಡದೋ, ಸಣ್ಣದೋ?" ಎಂದಳು.

"ದುಡದ ಕೈ. ಗೆಣ್ಣು ದಪ್ಪ ಅದಾವು."

ಜುಬೇದಾ ಎದ್ದು ಹೋಗಿ ಅಣ್ಣನ ಮಲಾರದಲ್ಲಿ ಕೈಯಾಡಿಸಿದಳು. ಬಳೆಗಳ ಸಪ್ಪಳ ಬಹಳ ಹೊತ್ತು ಕೇಳಿಸಿತು.

ಶೀಗಿ ಹುಣ್ಣಿಮೆಯ ಬೆಳಿಗ್ಗೆ ಅವಳು ಬುರ್ಖಾ ಹಾಕಿಕೊಂಡು ಮೋಟಾರು ಹತ್ತಿದಳು. ಕಮಲಾಪುರ ಮುಟ್ಟುವತನಕ ಗಂಡನ ಶೇರವಾನಿಯ ಒಂದು ಗುಂಡಿಯನ್ನು ಹಿಡಿದಿದ್ದಳು. ಇಳಿಯುವಾಗ ಅದು ಅವಳ ಕೈಯಲ್ಲೇ ಬಂತು.

ಶಾಲೆಯ ಅಂಗಳ ತುಂಬಿತ್ತು. ಬಸುರಿ ಭೂಮಿಗೆ ಉಡಿ ತುಂಬಿ, ಎಡೆಯ ಚರಗ ಹೊಲಕ್ಕೆ ಚೆಲ್ಲಿ ಬಂದ ಹೆಂಗಸರು ಬುಟ್ಟಿಗಳಲ್ಲಿ ಕಡುಬು, ಪುಂಡಿಪಲ್ಯ ತಂದಿದ್ದರು. ಕೂಡಿಸಿದ ಜೋಳದ ರೊಟ್ಟಿ ಒಂದು ಕಡೆ ಗುಡ್ಡೆ ಬಿದ್ದಿತ್ತು. ಊರವರು ಒಂದು ಕಡೆ, ಕೇರಿಯವರು ಬೇಲಿಯ ಬದಿಗೆ, ನಡುವೆ ಹುಡುಗರು. ಬಾಳೆಯ ತೋಟದವರೊಬ್ಬರು ಕೆಂಪು ಬಾಳೆಯ ಎರಡು ಗೊನೆ ಕಳಿಸಿದ್ದರು. ಮಕ್ಸೂದರು ಜುಬೇದಾಳನ್ನು ಮಾನಮ್ಮನ ಹತ್ತಿರ ಬಿಟ್ಟು ಹುಡುಗರ ಕಡೆ ಓಡಿದರು. ಓಡಿದರೂ ಕಣ್ಣು ಅಲ್ಲೇ ಇತ್ತು. ಕೋಲಾಟ ಶುರುವಾದರೆ ಅವಳು ಏನು ಮಾಡಿಯಾಳು? ಎದ್ದು ಓಡಲು ಅಲ್ಲಿ ಬಾಗಿಲೂ ಇಲ್ಲ, ಚಿಲಕವೂ ಇಲ್ಲ.

ಪದ ಎದ್ದಿತು. ಇಪ್ಪತ್ತು ಜೋಡಿ ತಿರುಗಿತು. ಜುಬೇದಾ ಮುಸುಕಿನೊಳಗೆ ಕಣ್ಣು ಮುಚ್ಚಿ ಕೂತಿದ್ದಳು. ಮಾನಮ್ಮ ಅವಳ ಮೊಣಕಾಲ ಮೇಲೆ ಕೈ ಇಟ್ಟು, "ಕೇಳು, ಕೇಳು, ಏನಿಲ್ಲ, ಹುಡುಗೂರು" ಎಂದು ಕೂಸಿಗೆ ಹೇಳುವಂತೆ ಹೇಳುತ್ತಿದ್ದಳು. ಎರಡನೆಯ ಪದಕ್ಕೆ ಜುಬೇದಾ ಕಣ್ಣು ತೆರೆದಳು. ಮೂರನೆಯದಕ್ಕೆ ಮುಸುಕು ಎತ್ತಿದಳು.

ಊಟಕ್ಕೆ ಮೊದಲು ಅವಳು ಚೀಲ ಬಿಚ್ಚಿ ಹಸಿರು ಗಾಜಿನ ಬಳೆ ತೆಗೆದಳು. ಗುಂಡಮ್ಮ ಹಿಂದೆ ಸರಿದಳು. ಗಂಡ ಇದ್ದಾನೋ ಇಲ್ಲವೋ ತಿಳಿಯದವಳಿಗೆ ಬಳೆ ಇಡಬಹುದೋ ಬಾರದೋ, ಅದನ್ನು ಯಾವ ಪಂಚಾಂಗವೂ ಹೇಳಿರಲಿಲ್ಲ. ಜುಬೇದಾ ಯಾರನ್ನೂ ಒತ್ತಾಯಿಸಲಿಲ್ಲ. ಬಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮಾನಮ್ಮನ ಮುಖ ನೋಡಿದಳು. ಮೆಲ್ಲಗೆ, "ಅವ್ವಾ, ಅವ್ರು ಒಳಗಿದ್ದಾಗ ನನಗೂ ಗೊತ್ತಿದ್ದಿಲ್ಲ, ಬರ್ತಾರೋ ಇಲ್ಲೋ. ನಾ ಬಳಿ ತಗೀಲಿಲ್ಲ" ಎಂದಳು.

ಮಾನಮ್ಮ ಒಂದು ಬಳೆ ಎತ್ತಿ ನೋಡಿದಳು. "ಭೂಮ್ತಾಯಿಗಽ ಇವತ್ತು ಹಸರು ಬಳಿ ಇಟ್ಟು ಬಂದೀವಿ. ನನ್ನ ಸೊಸಿ ಏನ್ ಪಾಪ ಮಾಡ್ಯಾಳ? ಚಾಚ ಕೈ, ಗುಂಡವ್ವ."

ಗುಂಡಮ್ಮ ಕೈ ಚಾಚಿದಳು. ಜುಬೇದಾ ಅವಳ ಬೆರಳುಗಳನ್ನು ಕೂಡಿಸಿ, ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, ಒಂದೊಂದೇ ಬಳೆ ಏರಿಸಿದಳು. ಹಳೆಯ ಮೂರನ್ನು ತೆಗೆಯಲಿಲ್ಲ, ಅವುಗಳ ಜೊತೆಗೇ ಇಟ್ಟಳು. ಗುಂಡಮ್ಮ ಅಳುತ್ತಿದ್ದಳು. ಒಂದು ಬಳೆಯೂ ಒಡೆಯಲಿಲ್ಲ. ದೂರದಲ್ಲಿ ರೊಟ್ಟಿ ಬಡಿಸುತ್ತಿದ್ದ ಮಕ್ಸೂದರು ಇದನ್ನು ನೋಡುತ್ತ ಒಬ್ಬನ ಎಲೆಗೇ ಆರು ರೊಟ್ಟಿ ಹಾಕಿದ್ದರು.

ಜುಬೇದಾ ಆ ದಿನ ಸಂಜೆಯ ಮೋಟಾರಿಗೆ ಕಲಬುರಗಿಗೆ ತಿರುಗಿ ಹೋದಳು. ಅಂಜಿಕೆ ಒಂದು ಹುಣ್ಣಿಮೆಗೆ ಹೋಗುವಂಥದ್ದಲ್ಲ. ಆದರೆ ಕಾರ್ತಿಕದಲ್ಲಿ ಮತ್ತೆ ಬಂದಳು, ಸಂಕ್ರಾಂತಿಗೆ ಬಂದು ಹದಿನೈದು ದಿನ ಇದ್ದಳು, ಯುಗಾದಿಯ ಮುಂದೆ ಟ್ರಂಕು ಸಮೇತ ಬಂದಳು. ಬಾಡಿಗೆ ಮನೆಯ ಪಡಸಾಲೆಯಲ್ಲಿ ಬಳೆಯ ಮಲಾರ ಬಿಚ್ಚಿದಳು. ಮೊದಲು ಬಂದವರು ಕೇರಿಯ ಹೆಂಗಸರು, ಆಮೇಲೆ ಊರವರು. ಓಣಿಯಲ್ಲಿ ಜೋರು ಹೆಜ್ಜೆ ಕೇಳಿದರೆ ಅವಳು ಈಗಲೂ ಮಾತು ನಿಲ್ಲಿಸುತ್ತಿದ್ದಳು. ಎದುರಿಗೆ ಕೂತ ಹೆಂಗಸು ಕೈ ಚಾಚಿಕೊಂಡು ಕಾಯುತ್ತಿದ್ದಳು. ಸಪ್ಪಳ ದಾಟಿದ ಮೇಲೆ ಬಳೆ ಮುಂದೆ ಏರುತ್ತಿತ್ತು.

ಮಕ್ಸೂದರು ಕನ್ನಡ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಎರಡನೆಯ ಸಲ ಪಾಸಾದರು. ಒತ್ತಕ್ಷರ ಅವರಿಗೆ ಕೊನೆಯತನಕ ಕೈಕೊಟ್ಟಿತು. ಜಯತೀರ್ಥಾಚಾರ್ಯರು ಪ್ರತಿ ಮಹಾನವಮಿಗೂ ಬೇವಿನ ಗಿಡದಿಂದ ಒಂದಿಷ್ಟು ಮುಂದೆ ಬರುತ್ತ, ನಾಲ್ಕನೆಯ ವರ್ಷ ಮಾನಮ್ಮನ ಕಟ್ಟೆಯ ಮೇಲೆ ಕೂತು ಪದ ಹೇಳಿದರು. ನೀರು ಮಾತ್ರ ಎಲ್ಲಿಯೂ ಕುಡಿಯಲಿಲ್ಲ. ಆದರೆ ಮಗಳ ಮದುವೆಗೆ ಬಳೆ ಇಡಲು ಜುಬೇದಾಳನ್ನೇ ಕರೆಸಿದರು. ಮರೆಪ್ಪನ ಸುದ್ದಿ ಬರಲೇ ಇಲ್ಲ. ಯಂಕಪ್ಪ ಮ್ಯಾಟ್ರಿಕ್ ಪಾಸಾಗಿ ಕಲಬುರಗಿಯಲ್ಲಿ ಕಾರಕೂನನಾದ.

೧೯೫೬ರಲ್ಲಿ ಹೈದರಾಬಾದ್ ರಾಜ್ಯವೇ ಒಡೆದು ಹಂಚಿಹೋಗುವ ಕಾಲ ಬಂದಾಗ, ನೌಕರರು ಯಾವ ಕಡೆ ಇರುತ್ತಾರೆಂದು ಬರೆದುಕೊಡಬೇಕೆಂದು ಕಾಗದ ಬಂತು. ಜುಬೇದಾಳ ಅಣ್ಣ ಆಗಲೇ ಹೈದರಾಬಾದಿಗೆ ಹೋಗಿ ನೆಲೆಸಿದ್ದ. ನೀವೂ ಬನ್ನಿರಿ, ಇಲ್ಲಿ ನಮ್ಮವರಿದ್ದಾರೆ ಎಂದು ಎರಡು ಪತ್ರ ಹಾಕಿದ್ದ. ಮಕ್ಸೂದರು ಎರಡು ದಿನ ಸರಕಾರದ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಮೂರನೆಯ ದಿನ ಬೆಳಿಗ್ಗೆ ಹೆಂಡತಿಯ ಮುಂದೆ ಇಟ್ಟು, "ಏನ್ ಬರೀಲಿ?" ಎಂದು ಕೇಳಿದರು.

ಜುಬೇದಾ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ.

"ಏನ್ ಬರಿಯೋದದ ಅದರಾಗ? ಇಲ್ಲೇ ಇರ್ತೀವಿ ಅಂತ ಬರದು ಕೊಡ್ರಿ. ಹೋಗೂ ಮುಂದ ಈ ಡಬ್ಬಿ ಒಯ್ರಿ, ಬರೂ ಮುಂದ ಜ್ವಾಳ ಬೀಸಿಸ್ಕೊಂಡು ಬರ್ರಿ."

ಮಾಸ್ತರರು ಡಬ್ಬಿ ಹೆಗಲಿಗೇರಿಸಿಕೊಂಡು ಹೊರಟರು.